ಇನ್ನೂ ಹುಟ್ಟದ ಟೈರು

ನಮ್ಮ ವಂಶದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಮನುಷ್ಯ ನಾನು. ಆದ್ದರಿಂದ ಈ ಸಲ ಚಳಿಗಾಲದ ಟೈರುಗಳನ್ನು ಶಾಸ್ತ್ರೋಕ್ತವಾಗಿ ಪರೀಕ್ಷಿಸಿಯೇ ಹಾಕುವುದೆಂದು ಪಣ ತೊಟ್ಟೆ. ಹೆಂಡತಿ ಸಿಗ್ರಿಡ್ ದನದ ಡಾಕ್ಟರು. ಹಿಮ ಬೀಳಲಿ ಬಿಡಲಿ, ದಿನಾ ಗುಡ್ಡ ದಾಟಬೇಕು. ಅವಳ ಜೀವ ನಾಲ್ಕು ಟೈರಿನ ಮೇಲೆ.

ಪಕ್ಕದಲ್ಲೇ ಇರುವ ಮಾವ ಹಿಲ್ಡಿಂಗ್ ಅವರ ಕೊಟ್ಟಿಗೆಯಲ್ಲಿ ಹಿಮದಲ್ಲಿ ಜಾರದಂತೆ ಮೊಳೆ ಕೂರಿಸಿದ ಟೈರುಗಳ ಎರಡು ಸೆಟ್ ಇದ್ದವು. ಟೈರಿನ ಪಕ್ಕೆಯ ಮೇಲಿನ ನಾಲ್ಕು ಅಂಕಿಗಳೇ ಅದರ ಜಾತಕ: ತಯಾರಾದ ವರ್ಷ ಮತ್ತು ವಾರ. ಒಂದು ಸೆಟ್ಟಿನ ಮೇಲೆ 1222, ಇನ್ನೊಂದರ ಮೇಲೆ 2212.

"ಮಾವ, ನಾವು ಸ್ವೀಡನ್ನಿನವರು ತಾರೀಕು ಹೇಗೆ ಬರೀತೀವಿ? ಮೊದಲು ವರ್ಷ. ಅಂದ್ರೆ ಈ 1222 ಸೆಟ್ಟು 2012ರದ್ದು, ಮುದಿ ಟೈರು. ಮೇವಿನ ರಾಶಿಗೆ ಹೊದಿಸಿದ ಪ್ಲಾಸ್ಟಿಕ್ ಹಾರಿಹೋಗದ ಹಾಗೆ ಭಾರಕ್ಕೆ ಇಟ್ಕೊಳ್ಳಿ. ಆ 2212 ಸೆಟ್ಟು 2022ರದ್ದು, ಹರೆಯದ್ದು."

"ಹರೆಯದ್ದಕ್ಕೆ ಮೈಯೆಲ್ಲ ಬಿರುಕು ಬಿಟ್ಟಿದೆಯಲ್ಲೋ."

"ಕಣ್ಣು ಮೋಸ ಮಾಡುತ್ತೆ ಮಾವ, ಅಂಕಿ ಮಾಡಲ್ಲ."

"ಓದಿದವನು ನೀನು," ಎಂದರು ಮಾವ. ಹರೆಯದ ಟೈರುಗಳನ್ನು ಸಿಗ್ರಿಡ್ ಕಾರಿಗೆ ಹಾಕಿ, ವಿಜಯಿಯಂತೆ ಮಲಗಿದೆ.

ಮರುದಿನ ಹಿಮ. ನಾನು ಏಳುವಷ್ಟರಲ್ಲಿ ಸಿಗ್ರಿಡ್ ಹೊರಟಾಗಿತ್ತು. ನಾನು ಮೇಷ್ಟ್ರು. ಶಾಲೆಯ ಅಂಗಳದಲ್ಲಿ ಸಹೋದ್ಯೋಗಿ ಗುನ್ವೋರ್ ಕಾರು ನಿಲ್ಲಿಸಿದ್ದೇ ತಡ, ಟೈರಿನ ಅಂಕಿ ಓದಿ ಉಪಕಾರ ಮಾಡಲು ಮಂಡಿಯೂರಿದೆ. 3824.

"ಗುನ್ವೋರ್, ನಿಮ್ಮ ಟೈರು ತಯಾರಾಗಿದ್ದು 2038ರ..." ಎಂದವನು ಅಂಕಿಯನ್ನು ಇನ್ನೊಮ್ಮೆ ಓದಿದೆ.

"ಇನ್ನೂ ಹುಟ್ಟೇ ಇಲ್ವಾ ಹಾಗಾದ್ರೆ? ರೀ, ಮೂವತ್ತೆಂಟನೇ ವಾರ, 2024. ಟೈರಿನ ಮೇಲೆ ವಾರ ಮೊದಲು. ಪ್ರಪಂಚದವರೆಲ್ಲ ನಮ್ಮನ್ನ ಕೇಳಿ ಅಂಕಿ ಹಾಕ್ತಾರಾ?"

ಅಂದರೆ ನನ್ನ ಹರೆಯದ ಟೈರಿಗೆ ಹದಿಮೂರು ವರ್ಷ. ಅದರ ಮೇಲೆ ಸಿಗ್ರಿಡ್, ಆ ಗುಡ್ಡದ ಮೇಲೆ. ಮಂಡಿಯೂರಿದಲ್ಲೇ ಫೋನು ಒತ್ತಿದೆ.

"ಸಿಗ್ರಿಡ್, ಗಾಡಿ ನಿಲ್ಸು. ಎಲ್ಲಿದ್ದೀಯ?"

"ಗುಡ್ಡದಾಚೆ, ಹಸುವಿಗೆ ಹೆರಿಗೆ ಮಾಡಿಸ್ತಿದ್ದೀನಿ. ಯಾಕೆ?"

"ಟೈರು ಹಳೇದು. ತಪ್ಪು ನಂದೇ."

"ಗೊತ್ತು. ಹಾಲು ಕರೆಯೋಕೆ ಮುಂಚೆನೇ ಅಪ್ಪ ಬಂದು ಬದಲಾಯಿಸಿ ಹೋದ. ನೀನು ಗೊರಕೆ ಹೊಡೀತಿದ್ದೆ."

"ನಿನ್ನೆನೇ ಹೇಳಬಾರದಿತ್ತಾ ಅವರು?"

"'ಅಷ್ಟು ಚೆನ್ನಾಗಿ ಪಾಠ ಮಾಡ್ತಿದ್ದ, ಮಧ್ಯೆ ಬಾಯಿ ಹಾಕೋಕೆ ಮನಸ್ಸು ಬರಲಿಲ್ಲ' ಅಂದ."

ಸಂಜೆ ತಲೆ ತಗ್ಗಿಸಿ ಮಾವನ ಅಂಗಳಕ್ಕೆ ಹೋದೆ. ಮೇವಿನ ರಾಶಿಯ ಮೇಲೆ ನನ್ನ ನಾಲ್ಕು ಹರೆಯದ ಟೈರುಗಳು ಹಿಮ ಹೊದ್ದು ಕೂತಿದ್ದವು.

"ಬಾರೋ ಮೇಷ್ಟ್ರೇ," ಮಾವ ಮನಸಾರೆ ಕರೆದರು. "ನನ್ನ ಟ್ರ್ಯಾಕ್ಟರಿಗೂ ಟೈರು ಆರಿಸಬೇಕು. ನೀನು ಯಾವುದನ್ನ ಬೇಡ ಅಂತೀಯೋ, ಅದನ್ನೇ ಹಾಕಿಸ್ತೀನಿ."