ಮಾವನವರ ಆಮೆನ್

ಎಂಬತ್ತರ ದಶಕದಲ್ಲಿ ನಮ್ಮ ಸಂಶಿಯ ಸಂತೆಯಲ್ಲಿ ಏನು ಬೇಕಾದರೂ ಸಿಗುತ್ತಿತ್ತು, ನಮ್ಮ ಮಾವನವರ ಬಾಯಿಂದ ಒಂದು ಆಮೆನ್ ಮಾತ್ರ ಸಿಗುತ್ತಿರಲಿಲ್ಲ!

ತಪ್ಪು ತಿಳೀಬ್ಯಾಡ್ರಿ, ನನ್ನ ಗಂಡನ ತಂದೆ ದೊಡ್ಡ ದೈವಭಕ್ತರು. ಊರಲ್ಲಿದ್ದ ಬೆರಳೆಣಿಕೆಯ ಕ್ರೈಸ್ತ ಮನೆಗಳಲ್ಲಿ ಅವರಷ್ಟು ಬೈಬಲ್ ಓದಿದವರು ಇನ್ನೊಬ್ಬರಿರಲಿಲ್ಲ. ತೊಂದರೆ ಇದ್ದದ್ದೇ ಅಲ್ಲಿ. ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು. ಆದರೆ ತಂದೆ ಮಗನಲ್ಲ, ಮಗ ಪವಿತ್ರಾತ್ಮನಲ್ಲ. ಪಾದ್ರಿಗಳದ್ದೇ ಇರಲಿ, ಬೇರೆಯವರ ಪ್ರಾರ್ಥನೆಯಲ್ಲಿ ಇದು ಕೂದಲೆಳೆಯಷ್ಟು ಆಚೀಚೆ ಆದರೂ ಅವರು ಆಮೆನ್ ಅನ್ನುತ್ತಿರಲಿಲ್ಲ. ಅವರು ಅನ್ನುವ ತನಕ ನಾವು ಊಟಕ್ಕೆ ಬಡಿಸುವಂತಿರಲಿಲ್ಲ.

ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಸಂಜೆಯ ಮನೆಪ್ರಾರ್ಥನೆಗೆ ನನ್ನ ಪಾಳಿ ಬಂತು. "ಪರಲೋಕದ ತಂದೆಯೇ, ನೀನು ನಮಗಾಗಿ ಶಿಲುಬೆಯ ಮೇಲೆ ಸತ್ತೆ..." ಅಂದೆ. ಮಾವ ಕಣ್ಣು ತೆರೆಯದೆಯೇ, "ಸತ್ತಾಂವ ತಂದಿ ಅಲ್ಲವಾ, ಮಗ. ಹಿಂದಕ ಹೋಗಿ ತಿದ್ದಿಕೊಂಡು ಬಾ" ಅಂದರು. ನಾನು ತಿದ್ದಿಕೊಂಡು ಬರುವಷ್ಟರಲ್ಲಿ ಪುಂಡಿಪಲ್ಯ ಆರಿ ತಣ್ಣಗಾಗಿತ್ತು. ದೇವರ ದಯೆ, ಕಡಕ್ ರೊಟ್ಟಿ ಆರಿದರೂ ಕೆಡುವುದಿಲ್ಲ.

ಬಾಜು ಮನೆಯ ಕಿರಾಣಿ ಅಂಗಡಿ ಸಾವಕಾರರು ಲಿಂಗಾಯತರು, ಮಾವನ ಗೆಳೆಯರು. ಒಮ್ಮೆ ಮಾವ ಈ ಮೂವರು ಒಬ್ಬನೇ ಆಗುವುದನ್ನು ವಿವರಿಸುತ್ತಿದ್ದಾಗ, ಅವರು ಪೂಜೆಗೆ ತಂದ ಬಿಲ್ವಪತ್ರೆಯನ್ನು ಎತ್ತಿ ಹಿಡಿದು, "ಇಷ್ಟ ಅಲ್ಲೇನ್ರಿ? ಮೂರು ಎಲಿ, ಒಂದ ದಂಟು" ಅಂದರು.

"ಹಂಗಾದ್ರ ಒಂದೊಂದು ಎಲಿ ಮೂರನೇ ಪಾಲು ಆತು. ನಮ್ಮಲ್ಲೆ ಪಾಲಿಲ್ಲ. ತಂದಿನೂ ಪೂರಾ ದೇವರು, ಮಗನೂ ಪೂರಾ, ಪವಿತ್ರಾತ್ಮನೂ ಪೂರಾ. ಆದ್ರೂ ಒಬ್ಬನ" ಅಂದರು ಮಾವ.

"ಮೂರು ಪೂರಾ ಕೂಡಿಸಿದ್ರ ಒಂದಾ? ಈ ಲೆಕ್ಕಾ ನನ್ನ ಗಿರಾಕಿಗೆ ಕಲಿಸಬ್ಯಾಡ್ರಿ ಯಜಮಾನ್ರ, ಅಂಗಡಿ ಮುಚ್ಚತೈತಿ."

ನಾವೆಲ್ಲ ನಕ್ಕೆವು. ಅತ್ತಿ ನಗಲಿಲ್ಲ. ಮದುವೆಯಾದ ಹೊಸದರಲ್ಲಿ ಅವರೂ ನನ್ನ ಹಾಗೆಯೇ ತಪ್ಪಿ, ಬೀಗರು ತುಂಬಿದ ಮನೆಯಲ್ಲಿ ಮಾವನಿಂದ ತಿದ್ದಿಸಿಕೊಂಡಿದ್ದರಂತೆ. ಅಂದಿನಿಂದ ಬಾಯಿಬಿಟ್ಟು ಪ್ರಾರ್ಥನೆ ಮಾಡಿದ್ದೇ ಇಲ್ಲ. ಪಾಳಿ ಬಂದರೆ, "ಒಲಿ ಮ್ಯಾಲೆ ಸಾರೈತಿ" ಅಂತ ಎದ್ದು ಹೋಗುವರು.

"ನೀವು ದೇವರ ಕೂಡ ಮಾತಾಡೂದ ಇಲ್ಲೇನ್ರಿ ಅತ್ತಿ?" ಅಂತ ಒಮ್ಮೆ ಕೇಳಿದೆ.

"ಮಾತಾಡತೀನಿ. ರೊಟ್ಟಿ ಬಡಿಯುವಾಗ. ಆ ಸಪ್ಪಳದಾಗ ನಿಮ್ಮ ಮಾವಗ ಕೇಳಸಂಗಿಲ್ಲ."

ಅದನ್ನು ಕೇಳಿದ ಮೇಲೆ ನನ್ನ ನಗುವೂ ನಿಂತಿತು. ಈ ಹೆಣ್ಣುಮಗಳು ಬಾಯಿಬಿಟ್ಟು ಪ್ರಾರ್ಥನೆ ಮಾಡಲಿ, ಅದಕ್ಕೆ ಈ ಮನುಷ್ಯ ಒಮ್ಮೆಯಾದರೂ ಆಮೆನ್ ಅನ್ನಲಿ ಅಂತ ಒಳಗೊಳಗೇ ಬೇಡತೊಡಗಿದೆ.

ಒಂದು ಮಧ್ಯಾಹ್ನ ಮಾವ ಹೊಟ್ಟೆನೋವಿನಿಂದ ನೆಲಕ್ಕೆ ಬಿದ್ದು ಹೊರಳಾಡಿದರು. ಅಪೆಂಡಿಕ್ಸ್. ಮುಂದೆ ಅವರು ಗುಣವಾಗಿ ಬಂದು ಮತ್ತೆ ಪಾದ್ರಿಗಳನ್ನು ಕಾಡಿದರು ಅನ್ನುವುದನ್ನು ಈಗಲೇ ಹೇಳಿಬಿಡುತ್ತೇನೆ. ದೇವರು ಮಾಡಿದ ಉಪಕಾರವನ್ನು ಮುಚ್ಚಿಡಬಾರದು. ಆದರೆ ಆ ಹೊತ್ತಿಗೆ ನಮಗದು ಗೊತ್ತಿರಲಿಲ್ಲ. ಹುಬ್ಬಳ್ಳಿ ದವಾಖಾನೆಗೆ ಒಯ್ಯಲು ಸಾವಕಾರರು ಟ್ರ್ಯಾಕ್ಟರ್ ತಂದು ನಿಲ್ಲಿಸಿದರು. ಪಾದ್ರಿಗಳು ಓಡಿ ಬಂದು ಪ್ರಾರ್ಥನೆಗೆ ಕೈ ಎತ್ತಿದರು. ಟ್ರೇಲರಿನಲ್ಲಿ ಮಲಗಿದ್ದ ಮಾವ ತಲೆ ಅಲ್ಲಾಡಿಸಿ, ಅತ್ತಿಯ ಕಡೆ ನೋಡಿದರು.

"ನೀ ಮಾಡು."

"ನನಗ ಬರಂಗಿಲ್ಲ. ತಪ್ಪತೈತಿ."

"ತಪ್ಪಲಿ. ಮಾಡು."

ಅತ್ತಿ ಮಾವನ ಕೈ ಹಿಡಿದು ಕಣ್ಣು ಮುಚ್ಚಿದರು. "ತಂದೀ, ನೀ ಶಿಲುಬಿ ಮ್ಯಾಲೆ ಮೊಳೆ ಹೊಡಿಸಿಕೊಂಡಾಂವ. ಬ್ಯಾನಿ ಅಂದ್ರ ಏನಂತ ನಿನಗ ಗೊತ್ತೈತಿ. ಇವರನ್ನ ನನಗ ತಿರುಗಿ ಕೊಡು."

ಪಾದ್ರಿಗಳು ಗಾಬರಿಯಿಂದ ಮಾವನ ಮುಖ ನೋಡಿದರು. ನಾನೂ ನೋಡಿದೆ.

"ಆಮೆನ್" ಅಂದರು ಮಾವ.

ಅತ್ತಿ ಕಣ್ಣು ತೆರೆದು, "ಸರಿ ಆತೇನ್ರಿ?" ಅಂತ ಕೇಳಿದರು.

"ಮುಟ್ಟತೈತಿ."

ಮೂವರಲ್ಲಿ ಯಾರಿಗೆ ಅಂತ ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ.