ತೂತನ್ನು ಎಳೆದು ಸಣ್ಣ ಮಾಡುವವರು

ನಮ್ಮ ಸೂಜಿ ಕಾರ್ಖಾನೆಯ ತಪಾಸಣಾ ಕೋಣೆಯಲ್ಲಿ ನಗುವಂತಿಲ್ಲ. ಉಗುಳಿನ ಕಣ ಹಾರುತ್ತದೆ. ಆದರೂ ಮುಖಗವಸಿನ ಒಳಗೆ ತುಟಿ ಕಚ್ಚಿಕೊಳ್ಳಬೇಕಾದ ಪ್ರಸಂಗಗಳು ವಾರಕ್ಕೊಂದಾದರೂ ನಡೆಯುತ್ತವೆ. ದವಾಖಾನೆಯ ನರ್ಸ್ ಕೆಲಸದಿಂದ ನಿವೃತ್ತಳಾದ ಮೇಲೆ, ಕುಂದಗೋಳದ ಹೊರಗಿನ ಈ ಕಾರ್ಖಾನೆಯಲ್ಲಿ ಇಂಜೆಕ್ಷನ್ ಸೂಜಿಗಳನ್ನು ಪರೀಕ್ಷಿಸುವ ವಿಭಾಗಕ್ಕೆ ನಾನು ಮುಖ್ಯಸ್ಥೆ; ಇಲ್ಲಿ ಎಲ್ಲರಿಗೂ ನಾನು 'ಬಾಯಾರು'. ಕೆಳಗಿನ ಮೂರೂ ಪ್ರಸಂಗಗಳು ಒಂದೇ ವಾರದಲ್ಲಿ, ಒಬ್ಬಳೇ ಹೆಣ್ಣುಮಗಳಿಂದ ನಡೆದವು. ಯರಗುಪ್ಪಿಯವಳು, ನಲವತ್ತು ದಾಟಿತ್ತು, ಅಲ್ಲಿಯವರೆಗೆ ಕಂಡವರ ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದಳು. ವಾರದ ಕೊನೆಯ ಪರೀಕ್ಷೆಯಲ್ಲಿ ಗೆದ್ದರೆ ನೌಕರಿ, ಸೋತರೆ ಮರಳಿ ಹೊಲ.

೧. ತೂತು

ಮೊದಲ ದಿನ ಅವಳಿಗೆ ಸೂಜಿ ತಯಾರಾಗುವುದನ್ನು ತೋರಿಸಿದೆ. ಉಕ್ಕಿನ ತೆಳುವಾದ ಪಟ್ಟಿಯನ್ನು ಯಂತ್ರವು ವೀಳ್ಯದೆಲೆಯಂತೆ ಸುರುಳಿ ಸುತ್ತಿ, ಅಂಚುಗಳನ್ನು ಬೆಸೆದು, ಬೆರಳು ದಪ್ಪದ ನಳಿಗೆಯಾಗಿಸುತ್ತದೆ. ಆ ನಳಿಗೆಯನ್ನು ಒಂದಕ್ಕಿಂತ ಒಂದು ಸಣ್ಣದಾದ ಅಚ್ಚುಗಳ ಮೂಲಕ ಮತ್ತೆ ಮತ್ತೆ ಎಳೆಯುತ್ತಾರೆ. ಎಳೆದಂತೆಲ್ಲ ನಳಿಗೆ ತೆಳುವಾಗುತ್ತದೆ; ಒಳಗಿನ ತೂತು ಮುಚ್ಚಿಹೋಗದೆ, ಅದರೊಂದಿಗೇ ಸಣ್ಣದಾಗುತ್ತ, ಕೂದಲೆಳೆ ಹಿಡಿಸುವಷ್ಟಾಗಿ ಉಳಿಯುತ್ತದೆ. ಎಷ್ಟು ಸಲ ಕಂಡರೂ ಆ ಯಂತ್ರದ ಮುಂದೆ ನಾನು ಚಿಕ್ಕಂದಿನಲ್ಲಿ ಕಾನ್ವೆಂಟ್ ಶಾಲೆಯ ಪ್ರಾರ್ಥನೆಯಲ್ಲಿ ನಿಂತಂತೆ ಕೈಕಟ್ಟಿ ನಿಲ್ಲುತ್ತೇನೆ.

ಇಷ್ಟು ಸಣ್ಣ ತೂತು ಕೊರೆಯುವವರು ಯಾರು ಎಂದು ಅವಳು ಯಂತ್ರ ನಡೆಸುವ ಕಾಕಾ ಅವರನ್ನು ಕೇಳಿದಳು. ಕೊರೆಯುವುದಿಲ್ಲ, ದೊಡ್ಡ ತೂತನ್ನೇ ಎಳೆದು ಸಣ್ಣ ಮಾಡುತ್ತೇವೆ ಎಂದರು ಅವರು.

"ಸಣ್ಣದು ಬೇಕಂತ ಮೊದಲ ಗೊತ್ತಿತ್ತಲ್ರಿ ಕಾಕಾ, ಮತ್ತ ದೊಡ್ಡದು ಯಾಕ ಮಾಡಿದ್ರಿ?"

ಕಾಕಾ ಯಂತ್ರವನ್ನು ನೋಡಿದರು, ನನ್ನನ್ನು ನೋಡಿದರು. "ಇಷ್ಟು ವರ್ಷದಾಗ ಇದನ್ನ ಯಾರೂ ಕೇಳಿದ್ದಿಲ್ಲ ಯವ್ವಾ. ಸಾಹೇಬ್ರ ಮುಂದ ಕೇಳಬ್ಯಾಡ, ನೌಕರಿ ಹೋಗ್ತದ. ನಿಂದಲ್ಲ, ನಂದು."

೨. ಕುಂಕುಮ

ತಪಾಸಣಾ ಕೋಣೆಯೊಳಗೆ ಬಳೆ, ಹೂವು, ಕುಂಕುಮ ಒಯ್ಯುವಂತಿಲ್ಲ. ಬಳೆ, ಹೂವು ತೆಗೆದಿಟ್ಟಳು, ಕುಂಕುಮಕ್ಕೆ ಒಪ್ಪಲಿಲ್ಲ. ಗಂಡ ಗಟ್ಟಿಮುಟ್ಟಾಗಿದ್ದಾನೆ, ಒಂದು ಚಿಟಿಕೆ ಪುಡಿಯಿಂದ ಉಕ್ಕಿಗೆ ಏನಾಗುತ್ತದೆ ಎಂಬುದು ಅವಳ ವಾದ.

ನಾನು ವಾದಿಸಲಿಲ್ಲ. ಹೊರಗಿನ ಸೂಕ್ಷ್ಮದರ್ಶಕದ ಕೆಳಗೆ ಕೆಟ್ಟ ಸೂಜಿಯೊಂದನ್ನಿಟ್ಟು, ಅದರ ಪಕ್ಕಕ್ಕೆ ಅವಳ ಹಣೆಯ ಕುಂಕುಮದ ಒಂದು ಕಣವನ್ನಿಟ್ಟು, ನೋಡಲು ಹೇಳಿದೆ. ಓರೆಯಾಗಿ ಅರೆದ ಮೊನೆ ಕನ್ನಡಿಯಂತೆ ಹೊಳೆಯುತ್ತಿತ್ತು. ತೂತಿನ ಬಾಯಿ ಊರ ಅಗಸಿ ಬಾಗಿಲಿನಂತೆ ತೆರೆದಿತ್ತು. ಅದರೆದುರು ಕುಂಕುಮದ ಕಣ ಕೆಂಪು ಬಂಡೆಯಾಗಿ ಬಿದ್ದಿತ್ತು.

ಬಹಳ ಹೊತ್ತು ನೋಡಿದಳು. ಸಂಜೆ ಹಚ್ಚಿಕೊಳ್ಳುತ್ತೇನೆಂದು ತಾನೇ ಹಣೆ ಒರೆಸಿಕೊಂಡಳು.

"ಇಂಥಾ ಕಲ್ಲು ಹೊತ್ಕೊಂಡು ಬಸ್ಸಿನ್ಯಾಗ ಬಂದೀನ್ರಿ ಬಾಯಾರ. ಕಂಡಕ್ಟರ್ ಲಗೇಜ್ ಕೇಳಲಿಲ್ಲ, ಪುಣ್ಯಾ."

೩. ನಾಲ್ಕನೆಯದು

ಮೊನೆ ಅರೆಯುವಾಗ ಒಮ್ಮೊಮ್ಮೆ ಕಣ್ಣಿಗೆ ಕಾಣದ ಕೊಕ್ಕೆಯೊಂದು ಉಳಿದುಬಿಡುತ್ತದೆ. ಅದು ಚರ್ಮವನ್ನು ಹರಿಯುತ್ತದೆ. ಅದನ್ನು ಹಿಡಿಯಲು ಮೊನೆಯನ್ನು ಹತ್ತಿಯ ಮೇಲೆ ಮೆಲ್ಲನೆ ಎಳೆಯುತ್ತೇವೆ. ಕೊಕ್ಕೆಯಿದ್ದರೆ ಎಳೆ ಸಿಕ್ಕಿಕೊಳ್ಳುತ್ತದೆ.

ಶನಿವಾರ ಸಾಹೇಬರು, ಅಂದರೆ ನಮ್ಮ ಮ್ಯಾನೇಜರು, ನಾನು ಪಾಸು ಮಾಡಿದ್ದ ತಟ್ಟೆಯಿಂದ ಸೂಜಿಗಳನ್ನು ತೆಗೆದುಕೊಂಡು, ಅವುಗಳೊಳಗೆ ಕೊಕ್ಕೆಯಿದ್ದ ಬೇರೆ ಮೂರನ್ನು ಬೆರೆಸಿ ಅವಳ ಮುಂದಿಟ್ಟರು. ಕೆಟ್ಟದ್ದು ಉಳಿಯಬಾರದು, ಒಳ್ಳೆಯದು ಹೋಗಬಾರದು, ಇದು ಪರೀಕ್ಷೆ.

ಅವಳು ಒಂದೊಂದನ್ನೇ ಹತ್ತಿಯ ಮೇಲೆ ಎಳೆದಳು. ಎಳೆ ಸಿಕ್ಕಿತೋ ಇಲ್ಲವೋ ಎಂದು ಕಣ್ಣಿನಿಂದ ನೋಡಲೇ ಇಲ್ಲ, ಬೆರಳಿಗೇ ತಿಳಿಯುತ್ತಿತ್ತು. ಕೊನೆಯಲ್ಲಿ ನಾಲ್ಕನ್ನು ಬೇರೆ ಇಟ್ಟಳು.

ಸಾಹೇಬರು ಪುಸ್ತಕ ಮುಚ್ಚಿದರು. ಹಾಕಿದ್ದು ಮೂರು, ಒಂದು ಒಳ್ಳೆಯ ಸೂಜಿಯನ್ನು ಕಳೆದಿದ್ದೀ, ಸೋಮವಾರದಿಂದ ಬರಬೇಡ ಎಂದರು.

"ಹತ್ತಿ ಸುಳ್ಳು ಹೇಳೂದಿಲ್ರಿ," ಎಂದಳು ಅವಳು, ಮೆಲ್ಲಗೆ. "ನನ್ನನ್ನ ಹೊಲಕ್ಕ ಕಳಸ್ರಿ. ಆದ್ರ ಈ ಸೂಜಿ ಯಾರಿಗೂ ಚುಚ್ಚಬ್ಯಾಡ್ರಿ."

ನಾಲ್ಕನೆಯದನ್ನು ನಾನು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಮೊನೆಯಲ್ಲಿ ಕೊಕ್ಕೆಯಿತ್ತು, ಅದಕ್ಕೆ ಹತ್ತಿಯ ಒಂದೇ ಒಂದು ಎಳೆ ತೂಗುತ್ತಿತ್ತು. ಸಾಹೇಬರೂ ಬಗ್ಗಿ ನೋಡಿದರು. ಆ ತಟ್ಟೆಗೆ ಸಹಿ ಹಾಕಿದವರು ಯಾರು ಎಂದು ಕೇಳಿದರು. ನಾನೇ ಎಂದೆ. ಯಾರ ನೆಪವನ್ನೂ ಇದುವರೆಗೆ ಒಪ್ಪದ ನಾನು, ನೆಪ ಹೇಳದೆ ನೆಟ್ಟಗೆ ನಿಂತೆ.

ನೌಕರಿ ನಿನ್ನದು ಎಂದು ಅವಳಿಗೆ ಹೇಳಿ, ಸಾಹೇಬರು ನನ್ನ ಕಡೆ ತಿರುಗಿದರು. ಅವರು ಬಾಯಿ ತೆರೆಯುವ ಮೊದಲೇ ಅವಳು ನಡುವೆ ಬಂದು ನಿಂತಳು.

"ಬಾಯಾರನ್ನ ಈಗ ತಗೀಬ್ಯಾಡ್ರಿ ಸಾಹೇಬ್ರ. ಇನ್ನೊಂದು ವಾರ ಇಟ್ಕೊಂಡು ನೋಡೂಣು. ಕಲೀತಾರ."