ವಾಟಿ ಡ್ರೆವರರ ಎಂಟು ಹಗ್ಗ

ವಾಟಿ ಡ್ರೆವರ್ ತೀರಿಕೊಂಡ ಸುದ್ದಿ ಹೆಲ್ಸೇ ದ್ವೀಪದಲ್ಲಿ ಎಲ್ಲರಿಗಿಂತ ಕೊನೆಗೆ ತಿಳಿದದ್ದು ಓಲಿ ಸ್ಕೆಯಾನಿಗೆ. ಅದಕ್ಕೆ ಕಾರಣ ಹುಲ್ಲು ಕತ್ತರಿಸುವ ಯಂತ್ರ.

ಸೋಮವಾರ ಬೆಳಗ್ಗೆ ಎಂಟು ಗಂಟೆಗೆ ಅವನು ಎಂದಿನಂತೆ ಕಲ್ಲೂರಿನ ಗೋಡೆಗಳ ಮೇಲಿನ ಹುಲ್ಲು ಕತ್ತರಿಸುತ್ತಿದ್ದ. ಬೇಲಿಯ ಆಚೆ ಅಂಗಡಿಯ ಇಂಗಾ-ಆನ್ ನಿಂತು ಏನೋ ಕೂಗಿದಳು. ಯಂತ್ರದ ಗದ್ದಲದಲ್ಲಿ ಕೇಳಿಸಲಿಲ್ಲ. ಓಲಿ ಕೈ ಬೀಸಿ ನಕ್ಕ. ಅವಳು ಮತ್ತೆ ಕೂಗಿದಳು. ಹವೆ ಚೆನ್ನಾಗಿದೆ ಎನ್ನುತ್ತಿರಬೇಕೆಂದು ಓಲಿ ಆಕಾಶ ತೋರಿಸಿ ತಲೆಯಾಡಿಸಿದ. ಮೂರನೆಯ ಸಲ ಅವಳು ಕೂಗುವಾಗ ಯಂತ್ರ ಕೆಮ್ಮಿ ನಿಂತುಹೋಯಿತು. "ವಾಟಿ ಹೋಗ್ಬಿಟ್ರು ಕಣೋ ಓಲಿ" ಎಂಬ ಮಾತೊಂದೇ ಬಯಲಿನಲ್ಲಿ ಉಳಿಯಿತು.

ಓಲಿಯ ಮುಖದಲ್ಲಿ ಆ ನಗು ಇನ್ನೂ ಇತ್ತು. ಅದನ್ನು ಎಲ್ಲಿ ಇಡಬೇಕೆಂದು ಅವನಿಗೆ ತಿಳಿಯಲಿಲ್ಲ.

"ಯಾವಾಗ?"

"ಬೆಳಗಿನ ಜಾವ. ನಿದ್ದೇಲೇ. ನಾನು ಸಾವಿನ ಸುದ್ದಿ ಹೇಳ್ತಿದ್ರೆ ನೀನು ನನಗೆ ಮೋಡ ತೋರಿಸ್ತಿದ್ದೀಯ."

ವಾಟಿಯವರು ಐದು ಸಾವಿರ ವರ್ಷ ಹಳೆಯ ಆ ಕಲ್ಲೂರಿನ ಕಾವಲುಗಾರರು. ಮೂವತ್ತನಾಲ್ಕು ವರ್ಷ ಅದನ್ನು ನೋಡಿಕೊಂಡರು. ಸೂರಿಲ್ಲದ ಎಂಟು ಮನೆಗಳು, ಕಲ್ಲಿನ ಮಂಚ, ಕಲ್ಲಿನ ಕಪಾಟು, ನಡುವೆ ಒಲೆ. ಬಂದವರು ಗೋಡೆಯ ಮೇಲಿನ ಹುಲ್ಲುದಾರಿಯಲ್ಲಿ ನಿಂತು ಕೆಳಗೆ ನೋಡಬೇಕು, ಇಳಿಯುವ ಹಾಗಿಲ್ಲ. ವಾಟಿಯವರು ಕತೆ ಹೇಳುತ್ತಿದ್ದರು, ಓಲಿ ಹುಲ್ಲು ಕತ್ತರಿಸುತ್ತಿದ್ದ. ಇಬ್ಬರೂ ಹನ್ನೊಂದಕ್ಕೆ ಒಟ್ಟಿಗೆ ಚಹಾ ಕುಡಿಯುತ್ತಿದ್ದರು.

ಓಲಿಗೆ ಆ ಕ್ಷಣ ಹೊಳೆದದ್ದು ಹಗ್ಗ. ಅದಕ್ಕಾಗಿ ಅವನಿಗೆ ನಾಚಿಕೆಯೂ ಆಯಿತು.

ಆ ದ್ವೀಪದಲ್ಲಿ ಶವಪೆಟ್ಟಿಗೆಯನ್ನು ಕುಣಿಗೆ ಇಳಿಸುವುದು ಎಂಟು ಹಗ್ಗಗಳಿಂದ. ಯಾವ ಹಗ್ಗ ಯಾರಿಗೆ ಎಂದು ಮೊದಲೇ ನಿಗದಿ ಮಾಡಿ, ಅಂಕಿ ಬರೆದ ಚೀಟಿ ಕಳಿಸುತ್ತಾರೆ. ಹಗ್ಗ ಸಿಕ್ಕವನು ಸತ್ತವನಿಗೆ ಬೇಕಾದವನು. ಇಪ್ಪತ್ತಾರು ವರ್ಷದ ಹಿಂದೆ ಓಲಿ ತನ್ನ ಚಿಕ್ಕಮ್ಮನ ಐದನೆಯ ಹಗ್ಗ ಹಿಡಿದಿದ್ದಾಗ ಗಾಳಿಗೆ ಅವನ ಟೋಪಿ ಹಾರಿತು. ಅವನು ಟೋಪಿ ಹಿಡಿದ, ಹಗ್ಗ ಬಿಟ್ಟ. ಚಿಕ್ಕಮ್ಮ ಜೀವನದುದ್ದಕ್ಕೂ ನೆಟ್ಟಗೆ ನಡೆದ ಹೆಂಗಸು, ಕೊನೆಗೆ ವಾರೆಯಾಗಿ ಇಳಿದಳು. ಅಂದಿನಿಂದ ಅವನಿಗೆ ಯಾರೂ ಚೀಟಿ ಕಳಿಸಿರಲಿಲ್ಲ. ವಾಟಿಯವರು ಮಾತ್ರ ಒಂದು ದಿನ ಚಹಾದ ಹೊತ್ತಿನಲ್ಲಿ, "ನನ್ನದರಲ್ಲಿ ಒಂದು ಹಗ್ಗ ನಿನಗೇ ಕಣೋ. ಟೋಪಿ ಹಾಕ್ಕೊಂಡು ಬರಬೇಡ, ಅಷ್ಟೆ" ಅಂದಿದ್ದರು. ಈ ಮಾತನ್ನು ಓಲಿ ಯಾರಿಗೂ ಹೇಳಿರಲಿಲ್ಲ.

ವಾಟಿಯವರ ಅಕ್ಕ ಥೋರಾಗೆ ಎಂಬತ್ತೊಂದು. ಒಲೆಯ ಮುಂದೆ ಕೂತು ಜವೆಯ ರೊಟ್ಟಿ ಬೇಯಿಸುತ್ತಿದ್ದರು. ಬರುವ ಜನಕ್ಕೆ ಏನಾದರೂ ಬೇಕಲ್ಲ ಎಂದರು. ಓಲಿ ಅವರ ಮನೆಗೆ ಹೋಗಿ, ಟೋಪಿ ತೆಗೆದು ಬಾಗಿಲಲ್ಲೇ ನಿಂತ.

"ಅಳಬೇಡ ಓಲಿ, ನಾನು ಶುರು ಮಾಡಿದ್ರೆ ರೊಟ್ಟಿ ಹೊತ್ತುತ್ತೆ. ಒಂದು ಕೆಲಸ ಮಾಡು. ಅವನು ಹಗ್ಗದ ಪಟ್ಟಿ ಬರೆದಿಟ್ಟಿದ್ದಾನೆ. ಕಲ್ಲೂರಿನ ನಾಲ್ಕನೇ ಮನೆ ಗೋಡೆಗೂಡಲ್ಲಿ, ತಂಬಾಕಿನ ಡಬ್ಬೀಲಿ. ಹನ್ನೆರಡರೊಳಗೆ ತಾ, ಪಾದ್ರಿಗಳು ದೋಣೀಲಿ ಬರ್ತಾರೆ."

"ಅಲ್ಲಿ ಇಳಿಯೋ ಹಾಗಿಲ್ಲವಲ್ಲ ಥೋರಮ್ಮ. ಅವರೇ ಯಾರನ್ನೂ ಬಿಡ್ತಿರಲಿಲ್ಲ."

"ಬೇರೆಯವರನ್ನ ಬಿಡದೆ ಇದ್ದಿದ್ದು ತನ್ನ ತಂಬಾಕು ಅಲ್ಲಿದೆ ಅಂತ. ಹೋಗು. ಡಬ್ಬಿ ತೆಗೆದು ಓದಬೇಡ ಮತ್ತೆ."

ಆ ಮನೆಗಳೊಳಗೆ ಇಳಿಯಲು ಇದ್ದ ಏಣಿಯನ್ನು ಫೆಬ್ರುವರಿಯ ಬಿರುಗಾಳಿ ಸಮುದ್ರಕ್ಕೆ ಒಯ್ದಿತ್ತು. ಹೊಸ ಏಣಿಗೆ ಬರೆದ ಅರ್ಜಿಗೆ ಉತ್ತರ ಬಂದಿತ್ತು, ಏಣಿ ಬಂದಿರಲಿಲ್ಲ. ಉಳಿದದ್ದು ಹಳೆಯ ಕಾಲದವರು ಓಡಾಡಿದ ದಾರಿ: ಮೊಣಕಾಲೂರಿ ನುಸುಳಬೇಕಾದ ಕಲ್ಲಿನ ಓಣಿ. ಓಲಿ ಬಾಗಿ, ತೆವಳಿ, ಉಸಿರು ಹಿಡಿದು ಒಳಗೆ ಜಾರಿದ. ಡಬ್ಬಿ ಹೇಳಿದಲ್ಲೇ ಇತ್ತು. ಅದರ ಪಕ್ಕದಲ್ಲಿ ವಾಟಿಯವರ ಚಹಾ ಬಟ್ಟಲು ಬೋರಲಾಗಿತ್ತು. ಅವನು ಅದನ್ನು ಮುಟ್ಟದೆ ಡಬ್ಬಿಯನ್ನು ಮಾತ್ರ ತೆಗೆದುಕೊಂಡ.

ತಿರುಗಿ ಬರುವಾಗ ಓಣಿ ಅವನನ್ನು ಒಪ್ಪಲಿಲ್ಲ. ಹೋಗುವಾಗ ಇಳಿಜಾರು, ಬರುವಾಗ ಏರು. ಹೊಟ್ಟೆ ಬಾಟಲಿಯ ಬಿರಡೆಯಂತೆ ಸಿಕ್ಕಿಕೊಂಡಿತು. ಕೋಟಿನ ಗುಂಡಿ ಮೂರು ಹಾರಿದವು. ಹಿಂದಕ್ಕೆ ಎಳೆದುಕೊಂಡು ಮತ್ತೆ ಮನೆಯೊಳಗೇ ಬಿದ್ದ.

ತಲೆಯೆತ್ತಿದರೆ ಗೋಡೆಯ ಮೇಲೆ ಇಂಗಾ-ಆನ್.

"ಸಿಕ್ತಾ ಥೋರಮ್ಮ ಹೇಳಿದ ಪಟ್ಟಿ? ನನ್ನದು ಎಷ್ಟನೆಯದು?"

"ನಾನು ಓದೋ ಹಾಗಿಲ್ಲ. ನನಗೆ ಹೊರಗೆ ಬರೋಕಾಗ್ತಿಲ್ಲ."

"ಬರುವಿಯಂತೆ. ಎರಡನೆಯದೇ ಇರಬೇಕು ನನ್ನದು. ಇಪ್ಪತ್ತು ವರ್ಷ ಸಕ್ಕರೆ ತೂಕದಲ್ಲಿ ಅವರಿಗೆ ಒಂದು ಚಮಚ ಜಾಸ್ತೀನೇ ಹಾಕಿದ್ದೀನಿ."

ಅಷ್ಟರಲ್ಲಿ ರೈತ ದೊಡ್ಡ ಡೇವಿ ತಮ್ಮಂದಿರಿಬ್ಬರ ಜೊತೆ ಬಂದ. ಅವನ ಹಿಂದೆ ಬಡಗಿ ಹಾರ್ಕಸ್. ದ್ವೀಪದ ಶವಪೆಟ್ಟಿಗೆಗಳನ್ನೆಲ್ಲ ಮಾಡುವವನು ಅವನೇ. ಓಲಿಯನ್ನು ಮೇಲಿನಿಂದ ನೋಡಿ ಅಭ್ಯಾಸಬಲದಿಂದ ಉದ್ದ ಅಗಲ ಅಂದಾಜು ಮಾಡಿದ.

"ಎರಡು ದಿನ ಊಟ ಬಿಟ್ರೆ ಓಣೀಲೇ ಬರಬಹುದು" ಎಂದ ಡೇವಿ.

"ಪಟ್ಟಿ ಮೇಲಕ್ಕೆ ಎಸಿ, ನೀನು ಆಮೇಲೆ ಬಾ" ಎಂದಳು ಇಂಗಾ-ಆನ್.

ಓಲಿ ಡಬ್ಬಿಯನ್ನು ಎದೆಗೆ ಒತ್ತಿಕೊಂಡ. ಎಸೆಯಲಿಲ್ಲ.

ಹನ್ನೊಂದರ ದೋಣಿ ಬಂತು. ಹದಿನಾಲ್ಕು ಜನ ಪ್ರವಾಸಿಗಳು ಬಸ್ಸಿನಿಂದ ಇಳಿದು ನೇರ ನಾಲ್ಕನೆಯ ಮನೆಯ ಸುತ್ತ ನಿಂತರು. ಕೆಳಗೆ ಧೂಳು ಮೆತ್ತಿದ, ಗುಂಡಿ ಹರಿದ ಒಬ್ಬ ಮನುಷ್ಯ ಕಲ್ಲಿನ ಮಂಚದ ಮೇಲೆ ಕೂತಿದ್ದಾನೆ. ಫೋಟೋ ತೆಗೆಯತೊಡಗಿದರು. ಅವರಲ್ಲಿ ಹ್ಯಾಂಬರ್ಗಿನಿಂದ ಬಂದ ಹೆಡ್ವಿಗ್ ಎಂಬ ಆರಡಿ ಎತ್ತರದ ಹೆಂಗಸೊಬ್ಬಳು ಬಗ್ಗಿ ಬಹಳ ಮರ್ಯಾದೆಯಿಂದ ಕೇಳಿದಳು: "ನೀವು ಇಲ್ಲೇ ವಾಸ ಮಾಡ್ತೀರಾ?"

ಕತೆ ಹೇಳಬೇಕಾದವರು ಅಂದು ಬರುವ ಹಾಗಿರಲಿಲ್ಲ. ಓಲಿ ಎದ್ದು ನಿಂತು ಗಂಟಲು ಸರಿಮಾಡಿಕೊಂಡ. ಸಾವಿರಾರು ಸಲ ಕೇಳಿದ ಮಾತುಗಳು ತಾವಾಗಿಯೇ ಬಂದವು. ಬಾಗಿಲ ಎದುರಿಗೇ ಕಪಾಟು ಯಾಕೆ ಎಂದರೆ, ಬಂದ ನೆಂಟರ ಕಣ್ಣಿಗೆ ಮೊದಲು ಒಳ್ಳೆಯ ಪಾತ್ರೆ ಬೀಳಲಿ ಎಂದು. ಬಲಗಡೆಯ ಮಂಚ ದೊಡ್ಡದು, ಎಡಗಡೆಯದು ಚಿಕ್ಕದು, ಜಗಳ ಎರಡರಲ್ಲೂ ಒಂದೇ ಅಳತೆಯದು. ವಾಟಿಯವರು ನಿಲ್ಲಿಸುತ್ತಿದ್ದಲ್ಲೇ ನಿಲ್ಲಿಸಿದ, ಜನ ಅಲ್ಲೇ ನಕ್ಕರು.

"ಮಂಚ ಗಿಡ್ಡ ಅಂತ ನಗಬೇಡಿ" ಎಂದು ಮುಂದುವರಿಸಿದ. "ಪಕ್ಕದಲ್ಲಿ ಇನ್ನೊಬ್ಬರು ಇದ್ರೆ ಯಾವ ಮಂಚವೂ..." ಅವನು ಮಾತನ್ನು ಅಲ್ಲೇ ಬಿಟ್ಟು ಡಬ್ಬಿಯ ಧೂಳು ಒರೆಸಿದ. ಮೇಲೆ ಡೇವಿ ಬೂಟಿನ ಮಣ್ಣು ಕೆರೆದ.

"ಇವನನ್ನ ಎತ್ತೋಣ" ಎಂದ ಹಾರ್ಕಸ್. "ಏಣಿ ತರೋಕೆ ಒಂದು ಗಂಟೆ ಬೇಕು. ನನ್ನ ವ್ಯಾನಲ್ಲಿ ಹಗ್ಗ ಇದೆ."

"ಯಾವ ಹಗ್ಗ?" ಎಂದಳು ಇಂಗಾ-ಆನ್.

"ಗುರುವಾರದ್ದು, ವಾಟಿಯವರ ಮಣ್ಣಿಗೆ ಅಂತ ತಂದದ್ದು. ಹೊಸವು. ಇನ್ನೂ ಯಾರನ್ನೂ ಇಳಿಸಿಲ್ಲ."

"ಬದುಕಿರೋನಿಗೆ ಅದನ್ನ ಕಟ್ತಾರೇನೋ?"

"ಬದುಕಿರೋನು ದೂರು ಹೇಳ್ತಿಲ್ಲವಲ್ಲ."

ಡೇವಿ ಬಿದ್ದ ಹಸುಗಳನ್ನು ಎತ್ತುವ ದಪ್ಪ ಬಟ್ಟೆಯನ್ನು ಟ್ರ್ಯಾಕ್ಟರಿನಿಂದ ತಂದ. ಅದರ ಅಂಚಿಗೆ ಎಂಟು ಹಗ್ಗ ಬಿಗಿದು ಕೆಳಗೆ ಬಿಟ್ಟರು. ಓಲಿ ಅದರ ಮೇಲೆ ಅಂಗಾತ ಮಲಗಬೇಕಾಯಿತು. "ಕೈ ಎದೆ ಮೇಲೆ ಇಟ್ಕೋ, ಗೋಡೆಗೆ ತಾಗುತ್ತೆ" ಎಂದ ಹಾರ್ಕಸ್. ಹಾರ್ಕಸ್, ಇಂಗಾ-ಆನ್, ಅಂಗಡಿಯಿಂದ ಓಡಿಬಂದ ಅವಳ ಗಂಡ, ಡೇವಿ, ಇಬ್ಬರು ತಮ್ಮಂದಿರು, ಬಸ್ಸಿನ ಚಾಲಕ, ಏಳು ಜನರಾದರು. ಎಂಟನೆಯ ಹಗ್ಗವನ್ನು ಹೆಡ್ವಿಗ್ ಕೇಳದೆಯೇ ಹಿಡಿದಳು.

ಓಲಿ ನಿಧಾನವಾಗಿ ಮೇಲೇರಿದ. ಆಕಾಶ, ಕಡಲಹಕ್ಕಿಗಳು, ಸುತ್ತ ಎಂಟು ಗಂಭೀರ ಮುಖಗಳು. ಅರ್ಧ ದಾರಿಗೆ ಬಂದಾಗ ಹಾರ್ಕಸ್ ನಲವತ್ತು ವರ್ಷದ ಅಭ್ಯಾಸದಲ್ಲಿ ತಲೆಬಾಗಿಸಿ, "ನಿಧಾನ, ಈಗ ಇಳಿಸಿ" ಎಂದ. ಎಲ್ಲರೂ ವಿಧೇಯರಾಗಿ ಇಳಿಸಿದರು. ಓಲಿ ಮತ್ತೆ ಒಲೆಯ ಪಕ್ಕದಲ್ಲಿದ್ದ.

"ಮೇಲಕ್ಕೆ ಮಾರಾಯ" ಎಂದ ಕೆಳಗಿನಿಂದ.

ಎರಡನೆಯ ಸಲ ಅವನು ಗೋಡೆಯ ಮಟ್ಟಕ್ಕೆ ಬರುವಾಗ ಥೋರಾ ದಾರಿಯಲ್ಲಿ ನಿಂತಿದ್ದ ಪಾದ್ರಿಗಳ ಕಾರಿನ ಕಡೆಯಿಂದ ಕೋಲೂರಿಕೊಂಡು ಬಂದರು.

"ಓಲೀನ ಹೂಳ್ತಿದ್ದೀರೋ, ಎಬ್ಬಿಸ್ತಿದ್ದೀರೋ?"

ಓಲಿ ಹುಲ್ಲಿನ ಮೇಲೆ ಉರುಳಿ, ಮಲಗಿದಲ್ಲಿಂದಲೇ ಡಬ್ಬಿ ಚಾಚಿದ. ಥೋರಾ ಕನ್ನಡಕ ಮರೆತಿದ್ದರು. ಇಂಗಾ-ಆನ್ ತನ್ನ ಹಗ್ಗವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹಾಳೆ ಬಿಡಿಸಿ, ಧ್ವನಿ ಏರಿಸಿ ಓದಿದಳು.

"ಒಂದು, ಅಣ್ಣ ಜಿಯೋರ್ಡಿ."

"ಅವನು ಹೋಗಿ ಇಪ್ಪತ್ತೊಂದು ವರ್ಷ" ಎಂದರು ಥೋರಾ.

"ಎರಡು, ಕಮ್ಮಾರ ಟಾಮ್ ಫೋಟ್ರಿಂಗ್‌ಹ್ಯಾಮ್." ಅವಳ ಧ್ವನಿ ಇಳಿಯಿತು.

"ಅವನೂ ಹೋದ. ಮುಂದೆ?"

ಮೂರು, ನಾಲ್ಕು, ಐದು. ಪ್ರತಿ ಹೆಸರಿಗೂ ಥೋರಾ ಕೋಲನ್ನು ಸಮಾಧಿಗಳ ಕಡೆಗೆ ತಿರುಗಿಸಿದರು. ವಾಟಿಯವರು ಕಾವಲಿಗೆ ಸೇರಿದ ವರ್ಷ ಬರೆದ ಪಟ್ಟಿ ಅದು, ಮೂವತ್ತನಾಲ್ಕು ವರ್ಷ ಹಳೆಯದು. ಎಂಟು ಜನರೂ ವಾಟಿಯವರಿಗಿಂತ ಮೊದಲೇ ಹೋಗಿದ್ದರು. ಅವರಲ್ಲಿ ಬಹಳ ಮಂದಿಯನ್ನು ಇಳಿಸುವಾಗ ವಾಟಿಯವರೇ ಹಗ್ಗ ಹಿಡಿದಿದ್ದರು.

"ಹೊಸದು ಬರೀತೀನಿ ಅಂತಿದ್ದ" ಎಂದರು ಥೋರಾ. "ನಾಳೆ ನಾಳೆ ಅಂತ."

ಪಟ್ಟಿಯಲ್ಲಿ ಆರನೆಯ ಹೆಸರು ಓಲಿಯ ಅಪ್ಪನದು. ಓಲಿ ಎದ್ದು ಕೂತ. ಅಪ್ಪನ ಹಗ್ಗ ಮಗನಿಗೆ ಬರುವುದು ಆ ಕಡೆ ವಾಡಿಕೆಯೇ. ಜೊತೆಗೆ ವಾಟಿಯವರು ಕೊಟ್ಟ ಮಾತಿತ್ತು. ಈಗ ಹೇಳಬೇಕು ಎಂದು ಬಾಯಿ ತೆರೆದ.

"ಚಿಂತೆ ಯಾಕೆ ಥೋರಮ್ಮ" ಎಂದ ಹಾರ್ಕಸ್. "ಎಂಟು ಜನ ಇಲ್ಲೇ ಹಗ್ಗ ಹಿಡ್ಕೊಂಡು ನಿಂತಿದ್ದಾರೆ."

ಥೋರಾ ಒಬ್ಬೊಬ್ಬರನ್ನೇ ನೋಡಿದರು. ಯಾರೂ ಇನ್ನೂ ಹಗ್ಗ ಕೆಳಗಿಟ್ಟಿರಲಿಲ್ಲ. "ಓಲೀನ ಬೀಳಿಸದೆ ಎತ್ತಿದವರು ವಾಟೀನ ಬೀಳಿಸಲ್ಲ. ಅವನು ಇವನ ಅರ್ಧ ತೂಕ ಇಲ್ಲ. ಈ ಎಂಟು ಜನವೇ ಆಗ್ಲಿ." ಆಮೇಲೆ ಹೆಡ್ವಿಗ್ ಕಡೆ ತಿರುಗಿ, "ನೀನು ಗುರುವಾರ ಇರ್ತೀಯೇನಮ್ಮ?" ಎಂದರು. ಅವಳು ಶನಿವಾರದವರೆಗೂ ಇರುತ್ತೇನೆಂದು ಕಣ್ಣೊರೆಸಿಕೊಂಡಳು.

ದ್ವೀಪದವರ ಪೈಕಿ ಅಂದು ಆ ಮನೆಯ ಹತ್ತಿರವಿದ್ದು ಹಗ್ಗ ಎಳೆಯದೆ ಉಳಿದ ಗಟ್ಟಿ ಗಂಡಸು ಒಬ್ಬನೇ. ಹಗ್ಗದ ಇನ್ನೊಂದು ತುದಿಯಲ್ಲಿದ್ದವನು. ಓಲಿ ತೆರೆದ ಬಾಯಿ ಮುಚ್ಚಿದ. ಥೋರಾ ಅವನ ಕೂದಲಿನಿಂದ ಹುಲ್ಲಿನ ಎಸಳೊಂದನ್ನು ತೆಗೆದರು.

"ಗುರುವಾರವೂ ದೋಣಿ ಬರುತ್ತೆ ಓಲಿ. ಪಾದ್ರಿಗಳ ಜೊತೆ ದಾರೀಲಿ ನಿಂತು ನಾನೂ ಕೇಳಿದೆ, ನೀನು ಕತೆ ಚೆನ್ನಾಗಿ ಹೇಳಿದೆ. ಬಂದವರಿಗೆ ಬಾಗಿಲು ಮುಚ್ಚಿದ್ರೆ ವಾಟಿಗೆ ಸಮಾಧಾನ ಇರಲ್ಲ. ನೀನು ಇಲ್ಲಿರು."

"ಆಗ್ಲಿ ಥೋರಮ್ಮ" ಎಂದ ಓಲಿ. ಬೇರೆ ಏನು ಹೇಳಿದರೂ ಅದು ಜಗಳವಾಗುತ್ತಿತ್ತು.

ಗುರುವಾರ ಗಾಳಿ ಬಿದ್ದಿತ್ತು. ಟೋಪಿ ಹಾರಿಸುವಷ್ಟೂ ಇರಲಿಲ್ಲ. ಓಲಿ ಒಂಬತ್ತು ಜನ ಪ್ರವಾಸಿಗಳಿಗೆ ಕತೆ ಹೇಳುತ್ತಿದ್ದಾಗ ಕೊಲ್ಲಿಯ ಆಚೆ ಸಮಾಧಿಭೂಮಿಯಲ್ಲಿ ಕಪ್ಪು ಬಟ್ಟೆಯ ಜನ ಕೂಡಿದ್ದು ಕಂಡಿತು. ಎಂಟು ಆಕೃತಿಗಳು ಮುಂದೆ ಬಂದು ನಿಂತವು. ಒಂದು ಉಳಿದವಕ್ಕಿಂತ ಒಂದು ಗೇಣು ಎತ್ತರ. ಓಲಿ ಮಂಚದ ಕತೆಯ ನಡುವೆ ನಿಲ್ಲಿಸಿದ. ಪ್ರವಾಸಿಗಳೂ ಅವನ ನೋಟ ಹಿಡಿದು ಆಚೆ ನೋಡಿದರು.

ಆಚೆ ದಡದಲ್ಲಿ ಎಂಟು ಜನರ ಕೈಗಳೂ ಹಗ್ಗ ಹಿಡಿದು ಬಿಗಿಯಾಗಿದ್ದವು. ಅವನ ಕೈಗಳು ಮಾತ್ರ ಖಾಲಿ. ಏನು ಮಾಡಬೇಕೆಂದು ತಿಳಿಯದೆ ಅವನು ಅವನ್ನು ಜೋಡಿಸಿದ. ಸತ್ತವರಿಗಾಗಿ ದೇವರನ್ನು ಬೇಡುವುದನ್ನು ಪಾದ್ರಿಗಳು ಒಪ್ಪುತ್ತಾರೋ ಇಲ್ಲವೋ, ಅವನು ಕೇಳಿರಲಿಲ್ಲ.

"ಕರ್ತನೇ, ವಾಟಿಯವರು ಬರುತ್ತಿದ್ದಾರೆ. ಬೇರೆಯವರ ಮನೆಗಳನ್ನು ತಮ್ಮವೆಂಬಂತೆ ಕಾದವರು. ಬಾಗಿಲು ತಗ್ಗಾಗಿದ್ದರೆ ಅವರ ಬೆನ್ನು ಬಾಗುವುದಿಲ್ಲ, ಕೈ ಹಿಡಿದು ಒಳಗೆ ಕರೆದುಕೋ. ಒಲೆಯ ಹತ್ತಿರ ಜಾಗ ಕೊಡು. ಅವರ ಆತ್ಮ ನಿನ್ನಲ್ಲಿ ಶಾಂತವಾಗಿ ಮಲಗಲಿ. ಆಮೆನ್."